ಶಶಿರೇಖಾಳ ರಿಮೋಟು ಕೆಲಸ

ಇರು, ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಶಶಿರೇಖಾ ಬಚ್ಚಲಿನ ಕನ್ನಡಿ ಮುಂದೆ ನಿಂತು ಸುಳ್ಳು ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದಳು ಎಂದೆನಲ್ಲ, ಅಲ್ಲಿಗೆ. ನೀನು ಫೋನು ನೋಡುತ್ತಿದ್ದೆ, ಅರ್ಧ ಕಿವಿಗೆ ಬಿದ್ದಿರುವುದಿಲ್ಲ. ಮೊದಲಿಂದಲೇ ಹೇಳುತ್ತೇನೆ. ಆ ಅವರೆಕಾಯಿ ಇತ್ತ ತಳ್ಳು.

ಗುತ್ತಲಿನಲ್ಲಿ ಹಾಲಿನ ಡೇರಿ ದಾಟಿದರೆ ಮೂರನೆಯ ಮನೆ ಅವಳದು. ಗಂಡ ಶಿವರಾಜು ಗೆಜ್ಜಲಗೆರೆಯ ಕಾರ್ಖಾನೆಗೆ ಬೈಕಿನಲ್ಲಿ ಹೋಗಿ ಬರುತ್ತಾನೆ. ಒಳ್ಳೆಯವನು, ಊಟಕ್ಕೆ ಕೂತರೆ ಉಪ್ಪು ಕೇಳುವುದಕ್ಕೂ ಸಂಕೋಚ. ಶಶಿರೇಖಾಳದು ಬೆಂಗಳೂರಿನ ಒಂದು ಹಾಸಿಗೆ ಕಂಪನಿಯ ಕೆಲಸ, ಮನೆಯಲ್ಲೇ ಕೂತು ಮಾಡುವಂಥದ್ದು. ಹಾಸಿಗೆ ಕೊಂಡವರು ಸೊಂಟ ನೋವು, ಕತ್ತು ನೋವು ಎಂದು ಕಂಪ್ಯೂಟರಿನಲ್ಲಿ ಬರೆದು ಕಳಿಸುತ್ತಾರೆ, ಇವಳು ಅವರಿಗೆ ಸಮಾಧಾನ ಬರೆಯಬೇಕು. ಇವಳು ಮಲಗುವುದು ಚಾಪೆಯ ಮೇಲೆ, ಅದು ಬೇರೆ ಮಾತು.

ಹೀಗೆ ಮನೆಯಿಂದ ಮಾಡುವುದಕ್ಕೆ ರಿಮೋಟ್ ವರ್ಕ್ ಎನ್ನುತ್ತಾರಂತೆ. ಅತ್ತೆ ಶಿವನಂಜಮ್ಮನಿಗೆ ಅವಳು ಹಾಗೆಯೇ ಹೇಳಿದ್ದು ತಪ್ಪಾಯಿತು. ಶಿವನಂಜಮ್ಮ ಡೇರಿ ಮುಂದೆ ಕ್ಯಾನು ಹಿಡಿದು ನಿಂತವಳೇ ಊರಿಗೆಲ್ಲ ಹೇಳಿದಳು. "ನಮ್ ಸಸಿ ರಿಮೋಟು ಕೆಲ್ಸ ಮಾಡ್ತವ್ಳೆ ಕಣಮ್ಮಿ. ಬೆಂಗ್ಳೂರಿನವ್ರೇ ಕರ್ದು ಕೊಟ್ಟವ್ರೆ."

ಮಾರನೆಯ ಬೆಳಿಗ್ಗೆ ಎದುರು ಮನೆಯ ಚಿಕ್ಕಬೋರಯ್ಯ ಟಿವಿ ರಿಮೋಟನ್ನು ಕಾಯಿಲೆ ಬಿದ್ದ ಕೋಳಿಮರಿಯಂತೆ ಟವೆಲಿನಲ್ಲಿ ಸುತ್ತಿಕೊಂಡು ಬಂದ.

"ಸಸಿರೇಖವ್ವ, ಇದ್ರಲ್ಲಿ ಸೌಂಡು ಏರ್ತದೆ, ಇಳಿಯಾಕಿಲ್ಲ. ವಸಿ ನೋಡವ್ವ."

"ತಾತ, ನಾನ್ ಮಾಡೋ ರಿಮೋಟು ಬೇರೆ."

"ಬೇರೆ ಕಂಪ್ನೀದಾ? ಪರ್ವಾಗಿಲ್ಲ ಬುಡು. ಗುಂಡಿ ಎಲ್ಲ ಒಂದೇ ಅಲ್ವಾ?"

ಆ ವಯಸ್ಸಾದವನಿಗೆ ಏನೆಂದು ಬಿಡಿಸಿ ಹೇಳುವುದು? ತಲೆಪಿನ್ನು ತೆಗೆದು ರಿಮೋಟಿನ ಹೊಟ್ಟೆ ಬಿಚ್ಚಿದಳು. ಒಳಗೆ ಇರುವೆ ಸಂಸಾರ ಹೂಡಿದ್ದವು. ಅವನ್ನು ಒಕ್ಕಲೆಬ್ಬಿಸಿ, ಬಟ್ಟೆಯಲ್ಲಿ ಒರೆಸಿ, ಮುಚ್ಚಿ ಕೊಟ್ಟಳು. ಟಿವಿಯ ಸದ್ದು ಇಳಿಯಿತು, ಇವಳ ಹೆಸರು ಏರಿತು.

ಅಲ್ಲಿಂದ ಮುಂದೆ ಕೇಳಬೇಡ. ಬೆಳಿಗ್ಗೆ ಹಾಸಿಗೆಯವರ ಸೊಂಟ, ಸಂಜೆ ಊರವರ ರಿಮೋಟು. ಸೋಮನಹಳ್ಳಿಯ ಪಟ್ಟಲಮ್ಮ, ಶಿವನಂಜಮ್ಮನ ದೂರದ ತಂಗಿ, ಫ್ಯಾನಿಗೂ ರಿಮೋಟು ಇಟ್ಟುಕೊಂಡವಳು. ಎದ್ದು ಸ್ವಿಚ್ಚು ಹಾಕಿದರೆ ಅವಳ ಗೌರವಕ್ಕೆ ಕುಂದು. ಅವಳೊಬ್ಬಳಿಗಾಗಿಯೇ ಶಶಿರೇಖಾ ನಾಲ್ಕು ಸಲ ಸೋಮನಹಳ್ಳಿಗೆ ಹೋದಳು. ಒಂದು ಭಾನುವಾರ ಮಳವಳ್ಳಿಯ ಬಸ್ಸು ಹತ್ತಿ, ಅಲ್ಲಿಯ ರೈತ ಲಿಂಗಯ್ಯನ ಕಬ್ಬಿನ ಗದ್ದೆಯ ಮೋಟಾರಿನ ರಿಮೋಟು ನೋಡಲು ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡಳು. ಬರುವಾಗ ಲಿಂಗಯ್ಯ ಬೆಲ್ಲದಚ್ಚು ಕೊಟ್ಟ, ಕೆಸರಿನಲ್ಲಿ ಉಳಿದ ಒಂದು ಚಪ್ಪಲಿಗೆ ಪ್ರತಿಯಾಗಿ.

ವರ್ಷ ಹೀಗೆ ಕಳೆದು ಡಿಸೆಂಬರ್ ಬಂತು. ಕಂಪನಿಯ ಮ್ಯಾನೇಜರ್ ಪ್ರೀತಂ ಒಂದು ಓಲೆ ಕಳಿಸಿದ. ಮನೆಯಿಂದ ಕೆಲಸ ಮಾಡುವ ಪ್ರತಿಯೊಬ್ಬರೂ ವಿಡಿಯೋದಲ್ಲಿ ಐದು ನಿಮಿಷ ಮಾತಾಡಬೇಕು. ಈ ವರ್ಷ ಏನು ಹವ್ಯಾಸ, ಎಲ್ಲೆಲ್ಲಿ ಪ್ರವಾಸ, ಮನೆಯಿಂದ ಕೆಲಸ ಮಾಡಿದ್ದರಿಂದ ಬದುಕು ಹೇಗೆ ಅರಳಿತು. ಅರಳದವರನ್ನು ಜನವರಿಯಿಂದ ಆಫೀಸಿಗೆ ಕರೆಸಿಕೊಳ್ಳಲಾಗುವುದು.

ಆಫೀಸು ಎಂದರೆ ಏನೆಂದು ಶಶಿರೇಖಾಳಿಗೆ ಗೊತ್ತು. ಹಿಂದೊಮ್ಮೆ ನಾಲ್ಕು ತಿಂಗಳು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದವಳು ಅವಳು. ಹೋಗುವಾಗಲೂ ಮಗಳು ತೇಜು ನಿದ್ದೆ, ಬಂದಾಗಲೂ ನಿದ್ದೆ. ಯಾರೋ ನಿನ್ನಮ್ಮ ಎಲ್ಲಿ ಎಂದು ಕೇಳಿದ್ದಕ್ಕೆ ಮಗು, "ನಮ್ಮಮ್ಮ ಭಾನುವಾರ ಬತ್ತಾರೆ" ಎಂದಿತ್ತು. ದಿನವೂ ರಾತ್ರಿ ಮನೆಗೆ ಬರುತ್ತಿದ್ದ ಅಮ್ಮನ ವಿಚಾರವಾಗಿ. ಆ ಮಾತು ನೆನೆದರೆ ಅವಳಿಗೆ ಈಗಲೂ ಅನ್ನ ಇಳಿಯುವುದಿಲ್ಲ.

ಮೊದಲ ದಿನ ಮೋಹಿನಿ ಎಂಬುವಳು ಮಾತಾಡಿದಳಂತೆ. ಅವಳು ತೋರಿಸಿದ ಫೋಟೋದಲ್ಲಿ ಹಿಮದ ಬೆಟ್ಟದ ಮುಂದೆ ಕಾಲು ಚಾಚಿಕೊಂಡು ಕಂಪ್ಯೂಟರ್ ಒತ್ತುತ್ತಿದ್ದಳಂತೆ. ಹಿಟ್ಟು ಹುಳಿ ಬರಿಸಿ ಬ್ರೆಡ್ಡು ಸುಡುವುದು ಹವ್ಯಾಸವಂತೆ, ಅದಕ್ಕೆ ಎಲ್ಲರೂ ಚಪ್ಪಾಳೆ. ನಮ್ಮ ಮನೆಯಲ್ಲಿ ಹಿಟ್ಟು ಹುಳಿ ಬಂದರೆ ನಾವು ಯಾರಿಗೂ ಹೇಳುವುದಿಲ್ಲಪ್ಪ.

ಇದನ್ನು ನೋಡಿದ ಮೇಲೆ ತನ್ನ ತಲೆಪಿನ್ನಿನ ಕಸುಬು ಹೇಳಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಎಲ್ಲಿಂದಲೋ ಒಂದು ಬೆಟ್ಟದ ಚಿತ್ರ ಇಳಿಸಿಕೊಂಡಳು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದು ಆಗಲೇ.

ಅವಳ ಸರದಿ ಬಂತು. ಪರದೆಯಲ್ಲಿ ಮೂವತ್ತು ಮುಖ. ನಡುವೆ ಆಫೀಸಿನಲ್ಲಿ ಕೂತ ಪ್ರೀತಂ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡಿದ್ದಾನೆ, ಅವನ ಹಿಂದೆ ಕೂತವರೆಲ್ಲ ಶಾಲು ಹೊದ್ದಿದ್ದಾರೆ. ಶಶಿರೇಖಾ ಬೆಟ್ಟ ತೋರಿಸಿ ಶುರುಮಾಡಿದಳು. "ಆಗಸ್ಟಿನಲ್ಲಿ ಒಬ್ಬಳೇ ಈ ಬೆಟ್ಟ ಹತ್ತಿದೆ. ತುದಿಯಲ್ಲಿ ನನ್ನನ್ನು ನಾನೇ ಕಂಡುಕೊಂಡೆ."

"ಅಲ್ಲಿ ಕಂಡ್ಕಂಡ್ಯಂತೆ, ಇಲ್ಲಿ ನನ್ ಫ್ಯಾನು ತಿರುಗ್ತಿಲ್ಲ."

ಬೆನ್ನ ಹಿಂದೆ ಪಟ್ಟಲಮ್ಮ. ಬೆಳಗಿನ ಬಸ್ಸಿಗೆ ಬಂದು, ನೆಟ್ಟಗೆ ಒಳಗೆ ನುಗ್ಗಿದ್ದಾಳೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ ಮಹಾರಾಯಿತಿ. "ಆಗಸ್ಟಲ್ಲಿ ಯಾವ ಬೆಟ್ಟ ಅತ್ತಿದ್ಯೆ? ನಮ್ಮನೇಲಿ ಮುದ್ದೆ ಉಂಡ್ಕಂಡು ರಿಮೋಟು ಬಿಚ್ಕಂಡು ಕುಂತಿದ್ದೆಯಲ್ಲ."

ಮೂವತ್ತು ಮುಖವೂ ಕೇಳಿಸಿಕೊಂಡವು. "ಯಾರಿವರು?" ಎಂದ ಪ್ರೀತಂ.

ಅವಳಿಗೆ ಭಾನುವಾರ ಬರುವ ಅಮ್ಮ ನೆನಪಾದಳು. ಸುಳ್ಳು ಹೇಗೂ ಕೆಟ್ಟಿತ್ತು. ಬೆಟ್ಟ ಮುಚ್ಚಿದಳು. "ಬೆಟ್ಟ ನಂದಲ್ಲ ಸಾರ್. ನನ್ನ ಹವ್ಯಾಸ ರಿಮೋಟು ಬಿಚ್ಚೋದು. ಪ್ರವಾಸ ಸೋಮನಹಳ್ಳಿ ನಾಲ್ಕು ಸಲ, ಮಳವಳ್ಳಿ ಒಂದು ಸಲ. ಮನೇಲೇ ಇದ್ರೆ ಮಗಳಿಗೆ ನನ್ನ ಗುರುತು ಸಿಗುತ್ತೆ. ಅರಳೋದು ಅಂದ್ರೆ ನನಗೆ ಅಷ್ಟೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರೀತಂ ಟೋಪಿ ಸರಿಸಿಕೊಂಡು ಕೇಳಿದ, "ಎಸಿ ರಿಮೋಟೂ ಬರುತ್ತಾ? ಹತ್ತು ದಿನದಿಂದ ಇಲ್ಲಿ ಎಸಿ ಹದಿನಾರು ಡಿಗ್ರಿಯಲ್ಲೇ ನಿಂತಿದೆ. ಆಫ್ ಕೂಡ ಆಗ್ತಿಲ್ಲ."

"ಸೆಲ್ ತೆಗೀರಿ ಸಾರ್. ಅದರ ಸ್ಪ್ರಿಂಗು ಹಸಿರಾಗಿದ್ರೆ ಚೆನ್ನಾಗಿ ಕೆರೆದು ಹಾಕಿ."

"ಉಗುರಲ್ಲಿ ಕೆರಿಯಪ್ಪ, ಏನೂ ಆಗಾಕಿಲ್ಲ," ಎಂದಳು ಪಟ್ಟಲಮ್ಮ ಹಿಂದಿನಿಂದ.

ಕೆರೆದ. ಗುಂಡಿ ಒತ್ತಿದ, ಟಿಕ್ ಎಂದಿತು, ಎಸಿ ಸುಮ್ಮನಾಯಿತು. ಆಫೀಸಿನಲ್ಲಿ ಒಬ್ಬೊಬ್ಬರೇ ಶಾಲು ಬಿಚ್ಚತೊಡಗಿದರು. ಬೇರೆಯವರ ಬದುಕು ಅರಳಿತೇ ಎಂದು ವಿಚಾರಿಸುವ ಅಷ್ಟು ಜನರಲ್ಲಿ ಒಬ್ಬರಿಗೂ ಎರಡು ಸೆಲ್ಲು ತೆಗೆದು ನೋಡಲು ತೋಚಿರಲಿಲ್ಲ ನೋಡು.

ಎರಡು ದಿನ ಬಿಟ್ಟು ಕಾಗದ ಬಂತು. ಅದರಲ್ಲಿ ಅವಳ ಮುದ್ದೆಗೂ ಕೆಸರಿಗೂ ಸೇರಿಸಿ ಸಮುದಾಯದೊಡನೆ ಆಳವಾದ ಒಡನಾಟ ಎಂದು ಹೆಸರಿಟ್ಟಿದ್ದರು. ಇನ್ನೊಂದು ವರ್ಷ ಮನೆಯಿಂದಲೇ ಮಾಡಬಹುದು. ತೇಜುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ಮೂರು ಸಲ ಓದಿದಳು. ಕೊನೆಯ ಸಾಲು ಕಂಡಿದ್ದು ಮೂರನೆಯ ಸಲಕ್ಕೆ: ಆಫೀಸಿನಲ್ಲಿ ಕೆಟ್ಟ ಇನ್ನೂ ಹದಿನೇಳು ರಿಮೋಟುಗಳನ್ನು ಪೆಟ್ಟಿಗೆ ಕಟ್ಟಿ ಬಸ್ಸಿಗೆ ಹಾಕಿದ್ದೇವೆ, ಬಿಡುವಾದಾಗ ನೋಡುವುದು.

ಆ ಪೆಟ್ಟಿಗೆ ಇವತ್ತು ಬಂದಿದೆಯಂತೆ. ಅವಳು ಕೆಲಸದಿಂದ ಏಳುವ ಹಾಗಿಲ್ಲ. ನೀನು ಹೇಗೂ ಪೇಟೆಗೆ ಹೊರಟಿದ್ದೀಯ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಪಾರ್ಸೆಲ್ ಇಳಿಸುವ ಕಡೆ ಗುತ್ತಲು ಶಶಿರೇಖಾ ಅಂತ ಹೇಳಿ ಇಸಿದುಕೊಂಡು ಅವಳ ಮನೆಗೆ ಮುಟ್ಟಿಸಿಬಿಡು. ದಾರಿಯಲ್ಲಿ ಚಿಕ್ಕಬೋರಯ್ಯ ಸಿಕ್ಕಿ ಒಳಗೇನು ಎಂದರೆ ರಿಮೋಟು ಎನ್ನಬೇಡ, ತನ್ನದನ್ನೂ ಅದರ ಜೊತೆ ತಂದಿಟ್ಟಾನು; ಹಾಸಿಗೆ ಅನ್ನು.