ಓರಗಿತ್ತಿಯ ಲೆಕ್ಕ

ಹಿರಿಯ ಸೊಸೆ ಆ ಮನೆಗೆ ಬಂದು ಹದಿನೆಂಟು ವರ್ಷ. ಮುಂದಿನ ಎರಡು ಕೋಣೆಗಳಲ್ಲಿ ಮಾವನ ಕನ್ನಡಿ ಕೆಲಸ. ಗಾಜು ಎಷ್ಟು ಒಳಬಾಗಿದರೆ ಮುಖ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಅವಳು ಹೆಬ್ಬೆರಳು ಸವರಿಯೇ ಹೇಳುತ್ತಿದ್ದಳು. "ನಿನ್ನ ಬೆರಳಲ್ಲೇ ಕಣ್ಣಿದೆಯಮ್ಮಾ" ಎಂದು ಮಾವ ಒಂದೇ ಒಂದು ಸಲ ಹೇಳಿದ್ದರು. ಆ ಮಾತನ್ನು ಒಡವೆಯ ಹಾಗೆ ಜೋಪಾನ ಮಾಡಿಕೊಂಡಿದ್ದಳು.

ಆಮೇಲೆ ಓರಗಿತ್ತಿ ಬಂದಳು. ಮೈದುನನ ಹೆಂಡತಿ, ವಿಜ್ಞಾನ ಓದಿದವಳು. ಹಲ್ಲಿನ ಡಾಕ್ಟರೊಬ್ಬರ ಪುಟ್ಟ ಕನ್ನಡಿಗೆ ಕಾಗದದ ಮೇಲೆ ಲೆಕ್ಕ ಹಾಕಿಕೊಟ್ಟಳು. ಮೊದಲ ಗಾಜೇ ಸರಿಹೋಯಿತು. ಮಾವ ಆ ಚೀಟಿಯನ್ನು ಗೋಡೆಗೆ ಅಂಟಿಸಿದರು. ಹಿರಿಯವಳ ಹೊಟ್ಟೆಗೆ ಕಿಚ್ಚು ಬಿತ್ತು. ಆ ಗೋಡೆಯ ಹತ್ತಿರ ಗುಡಿಸುವಾಗಲೆಲ್ಲ ಪೊರಕೆಯ ಸದ್ದು ಜೋರಾಗುತ್ತಿತ್ತು.

ಒಂದು ದಿನ ಸಲೂನಿನವನು ಆರು ಕನ್ನಡಿ ಕೇಳಿದ. ಗೇಣು ದೂರದಲ್ಲಿ ಮುಖ ಎರಡರಷ್ಟು ಕಾಣಬೇಕು. ಕಿರಿಯವಳು ಬರೆದಳು: ಮುಖ ಇಪ್ಪತ್ತು ಸೆಂಟಿಮೀಟರ್ ದೂರ, ವರ್ಧನೆ ಎರಡು, ಹಾಗಾದರೆ ಬಿಂಬ ನಲವತ್ತು. ಇಪ್ಪತ್ತರಲ್ಲೊಂದಕ್ಕೆ ನಲವತ್ತರಲ್ಲೊಂದು ಕೂಡಿಸಿ, "ಸಂಗಮ ದೂರ, ಅಂದ್ರೆ ಬೆಳಕು ಕೂಡೋ ದೂರ, ಹದಿಮೂರು ಚಿಲ್ಲರೆ" ಎಂದು ಗಾಜು ಉಜ್ಜಲು ಅದಕ್ಕೆ ತಕ್ಕ ಉಬ್ಬಿನ ಅಚ್ಚು ಎತ್ತಿಕೊಂಡಳು. ಅಷ್ಟು ಉಬ್ಬಿದ ಅಚ್ಚಿನಲ್ಲಿ ಉಜ್ಜಿದರೆ ಕನ್ನಡಿ ತೀರಾ ಒಳಬಾಗಿ ಕೆಡುತ್ತದೆಂದು ಹಿರಿಯವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಬಾಯಿಗೆ ಬೀಗ ಹಾಕಿಕೊಂಡು, ತಾನೇ ಗಾಜು ತಂದುಕೊಟ್ಟಳು.

ಸಲೂನಿನವನು ಬಂದು ಮುಖ ಒಡ್ಡಿದ. "ಏನಮ್ಮಾ ಇದು? ಹತ್ತಿರ ಹೋದ್ರೆ ಮೂಗು ಬಾಯಿ ಕಲಸಿಹೋಗುತ್ತೆ, ಹಿಂದೆ ಸರಿದ್ರೆ ಬಾವಲಿ ಥರ ನೇತಾಡ್ತೀನಿ!"

ಹಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಊಟದ ಹೊತ್ತಿಗೆ ಓರಗಿತ್ತಿ ಪಕ್ಕದಲ್ಲಿ ಬಂದು ಕೂತಳು.

"ಅಕ್ಕ, ಅಚ್ಚು ನೋಡಿದಾಗ್ಲೇ ನಿಮಗೆ ಗೊತ್ತಾಗಿತ್ತು, ಅಲ್ವಾ?"

"ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಕಣೇ," ಎಂದಳು ಹಿರಿಯವಳು.

ಕಿರಿಯವಳು ಸಿಟ್ಟಿನಿಂದ ತಟ್ಟೆ ಸರಿಸಿದಳು. ಲೆಕ್ಕದ ಚೀಟಿಯನ್ನು ಎದುರಿಗಿಟ್ಟುಕೊಂಡು ತಾನಾಗಿಯೇ, "ಬಿಂಬ ಕನ್ನಡಿ ಹಿಂದೆ ಬೀಳುತ್ತೆ, ಅದಕ್ಕೆ ಮೈನಸ್ ಹಾಕ್ಬೇಕಿತ್ತು. ಕಳೆಯೋ ಕಡೆ ಕೂಡಿಸಿಬಿಟ್ಟೆ. ಸಂಗಮ ದೂರ ನಲವತ್ತು ಆಗ್ಬೇಕಿತ್ತು," ಎಂದಳು.

"ಎಲ್ಲಿ, ಬರೆದು ತೋರಿಸು."

ಹಿರಿಯವಳು ಅದನ್ನು ಮೂರು ಸಲ ಬರೆದು ಕಲಿತಳು. ಆಮೇಲೆ ಹೆಚ್ಚು ಚಪ್ಪಟೆಯಾದ ಅಚ್ಚನ್ನು ಹುಡುಕಿ ಎತ್ತಿಕೊಟ್ಟಳು.

ಹೊಸ ಕನ್ನಡಿಗಳು ಸರಿಬಂದವು. "ತಪ್ಪಿದರೂ ತಿದ್ದಿಕೊಂಡಳು ನೋಡು, ಜಾಣೆ!" ಎಂದು ಮಾವ ಮತ್ತೆ ಕಿರಿಯವಳನ್ನೇ ಹೊಗಳಿದರು. ಹಿರಿಯವಳ ಎದೆ ಮತ್ತೆ ಉರಿಯಿತು. ಈ ಸಲ ಅವಳು ಸುಮ್ಮನಿರಲಿಲ್ಲ.

"ಮಾವ, ಅಚ್ಚು ಆರಿಸಿದ್ದು ನಾನು."