ಅತ್ತೆ ಸೋಲುವಂಥ ಆಟ

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳ ಕೆಲಸ ಸದ್ದು ಹುಟ್ಟಿಸುವುದು. ಪರದೆಯ ಮೇಲೆ ನಾಯಕ ಓಡಿದರೆ, ಇವಳು ಬೂಟು ಹಾಕಿಕೊಂಡು ಮರಳಿನ ತಟ್ಟೆಯಲ್ಲಿ ನಿಂತಲ್ಲೇ ಓಡಬೇಕು. ಬಾಗಿಲ ಕಿರುಗುಟ್ಟುವಿಕೆ, ಸೀರೆಯ ಸರಬರ, ಎಲ್ಲ ಅವಳದೇ. ವರ್ಷಗಟ್ಟಲೆ ಮಾಡಿ ಮಾಡಿ ಕಿವಿ ಪಳಗಿತ್ತು. ತಾನು ಮಾಡಿದ್ದು ಸರಿಯಿದ್ದರೆ ಸರಿಯಿದೆ ಎನ್ನಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ಮನೆಯಲ್ಲಿ ಅವಳು, ಗಂಡ, ಅತ್ತೆ. ಅತ್ತೆ ನಿವೃತ್ತ ಪಿ.ಟಿ. ಟೀಚರ್, ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿ, ಸೀಟಿ ಊದುತ್ತಲೇ ಆಯುಷ್ಯ ಕಳೆದವರು. ಎರಡೂ ಕಣ್ಣು ಹೋದ ಮೇಲೆ ಬಂಧುಬಳಗವೆಲ್ಲ ಅವರನ್ನು ಗಾಜಿನ ಲೋಟದಂತೆ ನೋಡಿಕೊಳ್ಳತೊಡಗಿತು. ಕಣ್ಣು ಹೋದದ್ದಕ್ಕಿಂತ ಅದೇ ಅವರಿಗೆ ದೊಡ್ಡ ತಲೆನೋವಾಯಿತು.

ಕಿವಿಯಿಂದಲೇ ಆಡುವ ಆಟಗಳು ಫೋನಿನಲ್ಲಿ ಸಿಗುತ್ತವೆಂದು ಸೊಸೆಗೆ ತಿಳಿದದ್ದು ಆಗಲೇ. ಸಿಕ್ಕಿದ್ದು ಯಾವುದೂ ಅತ್ತೆಗೆ ಹಿಡಿಸಲಿಲ್ಲ. ಕೊನೆಗೆ ತಾನೇ ಒಂದು ಮಾಡಲು ಹೊರಟಳು. ಸ್ಟುಡಿಯೋದ ಎಂಜಿನಿಯರ್ ಪ್ರೋಗ್ರಾಂ ಬರೆದುಕೊಟ್ಟ. ಆಡುವವರು ಗೋಲ್‌ಕೀಪರ್. ಚೆಂಡು ಎಡಕ್ಕೋ ಬಲಕ್ಕೋ ಎಂದು ಇಯರ್‌ಫೋನಿನಲ್ಲಿ ಕೇಳಿಸಿಕೊಂಡು, ಫೋನಿನ ಆ ಬದಿಯನ್ನು ಒತ್ತಿ ತಡೆಯಬೇಕು.

ಅತ್ತೆ ಒಂದು ಚೆಂಡನ್ನೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಆಕಳಿಸಿದರು.

“ಏನೇ ಇದು, ನನ್ನ ಗೆಲ್ಲಿಸೋಕೇ ಒದೀತಿದಾರಾ? ಕಣ್ಣಿಲ್ಲ ಅಂತ ಕನಿಕರಾನಾ?”

ಸೊಸೆಗೆ ಚುರುಕ್ಕೆಂದಿತು. ಹಟಕ್ಕೆ ಬಿದ್ದು ವೇಗ ಹೆಚ್ಚಿಸಿದಳು, ಜನರ ಗದ್ದಲ ತುಂಬಿದಳು, ಚೆಂಡು ನಡುದಾರಿಯಲ್ಲಿ ಸದ್ದಿಲ್ಲದೆ ದಿಕ್ಕು ಬದಲಿಸುವಂತೆ ಮಾಡಿದಳು. ಈ ಸಲ ಅತ್ತೆ ಸೋತರು. ಮತ್ತೆ ಸೋತರು. ಇಯರ್‌ಫೋನ್ ಕಿತ್ತು ಸೋಫಾ ಮೇಲೆ ಎಸೆದರು.

“ಸೋಲೋಕೆ ಬೇಜಾರಿಲ್ಲ. ಆದ್ರೆ ಯಾಕೆ ಸೋತೆ ಅಂತ ಗೊತ್ತಾಗ್ಬೇಕಲ್ವಾ? ಇದು ಆಟ ಅಲ್ಲ, ಮೋಸ.”

ಮರುದಿನ ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿ ತಾನೇ ಆಡಿ ನೋಡಿದಳು. ನಿಜ, ತಾನು ಮಾಡಿದ ಚೆಂಡು ತನಗೇ ಸಿಗುತ್ತಿರಲಿಲ್ಲ. ಯಾವ ಚೆಂಡೂ ಹೇಳದೆ ಕೇಳದೆ ಬರಕೂಡದು ಎಂದು ಆಗ ತೀರ್ಮಾನಿಸಿದಳು. ಬೂಟು ಹಾಕಿ ಮತ್ತೆ ಮರಳಿಗೆ ಇಳಿದಳು. ಎಡಕ್ಕೆ ಒದೆಯುವವಳು ಕೊನೆಯ ಹೆಜ್ಜೆಯನ್ನು ತುಸು ಎಳೆಯುತ್ತಾಳೆ; ಚೆಂಡನ್ನು ತಿರುಗಿಸಿ ಒದೆಯುವವಳು ಒದೆಯುವ ಮುಂಚೆ ಉಸಿರು ಬಿಗಿಹಿಡಿಯುತ್ತಾಳೆ. ಮೊದಮೊದಲು ಮೈದಾನ ನಿಶ್ಶಬ್ದ, ಕಿವಿ ಆ ಸುಳಿವುಗಳನ್ನು ಕಲಿಯಲಿ ಎಂದು. ಆಮೇಲೆ ಗಾಳಿ, ಚಪ್ಪಾಳೆ, ಕೂಗಾಟ ಒಂದರ ಮೇಲೊಂದು. ಆದರೆ ಆ ಹೆಜ್ಜೆ ಅದರಡಿ ಎಂದೂ ಮುಳುಗುವುದಿಲ್ಲ, ತೆಳ್ಳಗೆ ಕೇಳುತ್ತಲೇ ಇರುತ್ತದೆ.

“ಇದು ಯಾರಿಗೂ ಕೇಳಲ್ಲ ಅಕ್ಕಾ, ಜೋರು ಮಾಡೋಣ,” ಎಂದ ಎಂಜಿನಿಯರ್.

“ಕೇಳುತ್ತೆ. ಕಿವಿ ಕೊಡೋದು ಆಡೋರ ಕೆಲಸ. ಅದನ್ನೂ ನಾವೇ ಮಾಡಿದ್ರೆ ಅವರಿಗೇನು ಉಳೀತು?”

ಹೊಸ ಆಟದಲ್ಲೂ ಅತ್ತೆ ಸೋತರು. ಸೊಸೆ ಉಸಿರು ಬಿಗಿಹಿಡಿದು ನಿಂತಳು.

“ಅಯ್ಯೋ! ಕಾಲೆಳೆದದ್ದು ಕೇಳಿಸ್ತು ಕಣೇ, ಆದ್ರೂ ಬಲಕ್ಕೆ ಹಾರ್ದೆ. ತಪ್ಪು ನಂದೇ. ತಡಿ, ಇನ್ನೊಂದ್ಸಲ!”

ಅಂದು, ದಿನವೂ ಕೂತು ಕೇಳುತ್ತಿದ್ದ ಟಿ.ವಿ. ಹಾಕುವ ಗೋಜಿಗೇ ಅವರು ಹೋಗಲಿಲ್ಲ.

ಕೆಲ ತಿಂಗಳಲ್ಲಿ ಒಂದು ಪುಟ್ಟ ಕಂಪನಿ ಆ ಆಟವನ್ನು ಎಲ್ಲರಿಗೂ ತಲುಪಿಸಿತು. ‘ನಿಮ್ಮನ್ನ ಬೈಕೊಂಡೇ ಆಡ್ತಿದೀನಿ’ ಎಂದು ಯಾರೋ ಬರೆದಿದ್ದನ್ನು ಅವಳು ಬಹುಮಾನ ಬಂದಷ್ಟು ಖುಷಿಯಿಂದ ಅತ್ತೆಗೆ ಓದಿ ಹೇಳಿದಳು. ಈಗ ಸ್ಟುಡಿಯೋಗೆ ಅರ್ಧ ದಿನ ಮಾತ್ರ ಹೋಗುತ್ತಾಳೆ, ಉಳಿದರ್ಧ ಆಟಗಳಿಗೆ.

ಕೊನೆಯ ಹಂತದಲ್ಲಿ ಅತ್ತೆ ಬಹಳ ದಿನ ಸಿಕ್ಕಿಕೊಂಡಿದ್ದರು. “ಅಮ್ಮಂಗೆ ಸ್ವಲ್ಪ ಹೇಳ್ಕೊಡೇ, ಪಾಪ,” ಎಂದ ಗಂಡ.

“ನೀವು ಬಾಯಿಬಿಟ್ರೆ ನೋಡಿ!” ಸೊಸೆ ಕಣ್ಣು ಕೆಂಪಗೆ ಮಾಡಿದಳು. ಅಷ್ಟರಲ್ಲಿ ಒಳಕೋಣೆಯಿಂದಲೇ ಅತ್ತೆ ಗದರಿದರು: “ಯಾರೂ ಏನೂ ಹೇಳ್ಕೊಡ್ಬೇಡಿ!”

ಒಂದು ಭಾನುವಾರ ಆ ಹಂತದ ಕೊನೆಯ ಚೆಂಡನ್ನೂ ಹಿಡಿದರು. ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯಿತೋ ಎಂದು ಓಡಿಬಂದರು. ಅವರನ್ನು ಸಮಾಧಾನ ಮಾಡಿ ಕಳಿಸಿದ್ದೇ ತಡ, ಅತ್ತೆ ಸೊಸೆಯ ಕಡೆ ತಿರುಗಿದರು.

“ಇದು ಮುಗೀತು. ಮುಂದಿಂದು ಎಲ್ಲಿ?”

“ಮಾಡಿಟ್ಟಿದೀನಿ, ಅತ್ತೆ.”

“ಕಷ್ಟ ಇದೆಯಾ?”

“ಸೋಲ್ತೀರಿ.”

“ನೋಡೇಬಿಡೋಣ,” ಎಂದು ಅತ್ತೆ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡರು.