ರೊಟ್ಟಿ ಅಗಲದ ಬ್ಯಾಗು

ಹೊರಡುವ ಮೊದಲು ಎಲ್ಲವೂ ಸರಿಯಿರಬೇಕು ಎನ್ನುವವರ ಪೈಕಿ ನಾನು. ಪಕ್ಕದ ಊರಿನ ಮದುವೆಗೆ ಹೋಗುವುದಿದ್ದರೂ ಟವೆಲ್ಲನ್ನು ಮೂರು ಸಲ ಮಡಚಿ ಮೂರು ಸಲ ಬಿಚ್ಚುತ್ತೇನೆ. ಇದನ್ನು ಶಿಸ್ತು ಎಂದು ಬಹಳ ದಿನ ಮೆರೆದೆ. ಶಿಸ್ತೂ ಅಲ್ಲ, ಮಣ್ಣೂ ಅಲ್ಲ. ಈ ಹಾಳು ಗುಣದಿಂದ ನನ್ನ ಗೆಳೆಯನಿಗೆ ನಾನು ಮಾಡಿದ್ದನ್ನು ಒಮ್ಮೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಕೊಟ್ಟೂರಿನ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ಅವನದು ಬಸ್ ನಿಲ್ದಾಣದ ಹಿಂದೆ ಸೈಕಲ್ ರಿಪೇರಿ ಅಂಗಡಿ, ಅವನ ಅಬ್ಬನ ಕಾಲದ್ದು. ನಮ್ಮದು ಕುರಿ ಸಾಕುವ ಮನೆ, ಅವರದು ಮೆಕ್ಯಾನಿಕರ ಮನೆ. ಒಂದನೇ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಓದಿದವರು. ರಂಜಾನಿಗೆ ಅವರ ಅಮ್ಮ ನನ್ನ ಪಾಲಿನ ಸುರಕುಂಬಾ ಪಾಯಸ ಬೇರೆಯೇ ತೆಗೆದಿಡುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ನಾನು ಅವನ ಅಂಗಡಿಯಲ್ಲಿ ಹಾಜರು.

ಒಂದು ಸಂಜೆ ಚಕ್ರದ ಬೆಂಡು ತೆಗೆಯುತ್ತಾ, ತಲೆ ಎತ್ತದೆ ಹೇಳಿದ: "ಬಳ್ಳಾರಿ ಡಾಕ್ಟ್ರು ನೋಡಿದ್ರಲೇ. ಕಣ್ಣಿನ ಹಿಂದಿನ ಪರದಿ ಸಾಯಾಕ ಹತ್ತೈತಂತ. ಈಗ ಕತ್ತಲಾದ್ರ ಕಾಣಂಗಿಲ್ಲ. ಇನ್ನೆರಡು ವರ್ಷಕ್ಕ ಹಗಲೂ ಕಾಣಂಗಿಲ್ಲ."

"ಔಷಧ?"

"ಇಲ್ಲಂತ." ಚಕ್ರವನ್ನು ಮತ್ತೆ ತಿರುಗಿಸಿದ. "ಒಂದು ಆಸಿ ಐತಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ತಿರುಗಿ ಕೊಟ್ಟೂರು. ಆ ಊರಿನ ಸೈಕಲ್ಲೆಲ್ಲ ರಿಪೇರಿ ಮಾಡೀನಿ, ಊರು ಕಣ್ಣು ತುಂಬ ನೋಡಿಲ್ಲ. ಕಣ್ಣು ಹೋಗೋದ್ರಾಗ ನಾನ ಸೈಕಲ್ ತುಳಕೊಂಡು ಹೋಗಿ ನೋಡಬೇಕು. ಬರ್ತೀಯೇನು?"

"ಬರದ ಏನ್ಮಾಡ್ಲಿ?" ಅಂದೆ. ಅಳು ಬಂತು, ಕೆಮ್ಮು ಬಂದವನಂತೆ ಆಚೆ ತಿರುಗಿದೆ. ಮರುದಿನವೇ ಹೊರಟುಬಿಟ್ಟಿದ್ದರೆ ಆಗುತ್ತಿತ್ತು. ನಾನು ಹೊರಡಲಿಲ್ಲ. "ಬ್ಯಾಗೊಂದು ಸರಿ ಮಾಡ್ಕೊಂಡು ಹೋಗೋಣ" ಅಂದೆ.

ಈ ಬ್ಯಾಗಿನ ಹುಚ್ಚು ಹತ್ತಿದ್ದು ಹಂಪಿಗೆ ಹೊರಟಿದ್ದ ಒಬ್ಬ ವಿದೇಶಿಯಿಂದ. ಚಕ್ರದ ಕಡ್ಡಿ ಮುರಿದು ಗೆಳೆಯನ ಅಂಗಡಿಗೆ ಬಂದಿದ್ದ. ಅವನ ಕ್ಯಾರಿಯರಿನ ಎರಡೂ ಬದಿಗೆ ಎರಡು ಬ್ಯಾಗು ಜೋತುಬಿದ್ದಿದ್ದವು. ಕೊಕ್ಕೆ ಎತ್ತಿದರೆ ಕೈಗೆ ಬಂದವು, ಇಟ್ಟರೆ ಕಚ್ಚಿಕೊಂಡವು. ಗೆಳೆಯ ಕಡ್ಡಿ ಹಾಕುವಷ್ಟು ಹೊತ್ತೂ ನಾನು ಆ ಬ್ಯಾಗುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ.

"ಎರಡು ಗೊಬ್ಬರದ ಚೀಲ ತಗೊಂಡು ಹಳೇ ಟ್ಯೂಬಿನಾಗ ಬಿಗದ್ರ ಮುಗೀತಲ್ಲಲೇ" ಅಂತ ಗೆಳೆಯ ಅಂದರೆ, "ಥೂ, ಗುಳೆ ಹೊಂಟಂಗ ಕಾಣ್ತೈತಿ" ಅಂತ ಅವನ ಬಾಯಿ ಮುಚ್ಚಿಸಿದೆ.

ಹರಪನಹಳ್ಳಿಯಲ್ಲಿ ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಒಬ್ಬ ಹಿರಿಯರಿದ್ದರು. ಅಳತೆ ಕೊಡಲು ಅವರ ಹತ್ತಿರ ಹೋದೆ. ದಾರಿಯ ಬುತ್ತಿಗೆ ಅವ್ವನ ಖಡಕ್ ರೊಟ್ಟಿಯೇ ಆಗಬೇಕು, ಅದು ಒಂದೂ ಮುರಿಯದೆ ನಿಲ್ಲುವಷ್ಟು ಬ್ಯಾಗು ಅಗಲವಿರಬೇಕು ಎಂಬುದು ನನ್ನ ಹಟ. ಹಾಗಾಗಿ ಒಂದು ರೊಟ್ಟಿಯನ್ನೇ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದಿದ್ದೆ.

"ಅಳತೆಗೆ ರೊಟ್ಟಿ ತಂದೀರೇನ್ರಿ ಸರ!" ಅಂತ ಅವರು ಹೊಟ್ಟೆ ಹಿಡಿದು ನಕ್ಕರು. ಆದರೂ ರೊಟ್ಟಿಯನ್ನು ತಾಡಪತ್ರಿಯ ಮೇಲಿಟ್ಟು ಸುತ್ತ ಸೀಮೆಸುಣ್ಣ ಎಳೆದರು.

ಬ್ಯಾಗು ಬಂತು, ರೊಟ್ಟಿ ಹಿಡಿಯಿತು. ಕೂಡ್ಲಿಗಿ ರಸ್ತೆಯಲ್ಲಿ ನಾಲ್ಕು ಸುತ್ತು ತುಳಿಯುವುದರೊಳಗೆ ಪ್ರತಿ ತುಳಿತಕ್ಕೂ ಹಿಮ್ಮಡಿ ಬ್ಯಾಗಿಗೆ ಬಡಿಯತೊಡಗಿತು. ಹಿಂದಕ್ಕೆ ಸರಿಸಿ ಕಟ್ಟಿದರೆ ಸೈಕಲ್ಲಿನ ಹಿಂಭಾಗ ತೂಗಾಡಿ ಹ್ಯಾಂಡಲ್ ನಡುಗಿತು.

"ರೊಟ್ಟಿ ಮುರಕೊಂಡು ಹೋಗೋಣಲೇ. ಹೊಟ್ಟ್ಯಾಗ ಹೋಗಿ ಮುರಿಯೋದ ಅಲ್ಲೇನು ಅದು?" ಅಂದ ಗೆಳೆಯ.

"ಪುಡಿ ತಿನ್ನಾಕ ನಾವೇನು ಕೋಳಿಯೇನು?" ಎಂದು ರೇಗಿದೆ. ಅವನು ಬಿದ್ದು ಬಿದ್ದು ನಕ್ಕು, "ಆತು ಬಿಡಪ, ದಸರಾ ಸೂಟಿಗಿ ಹೋಗೋಣ" ಅಂದ.

ದಸರಾ ಬಂತು, ಕೊಕ್ಕೆ ಸರಿಯಿರಲಿಲ್ಲ. ಬೇಸಿಗೆ ಬಂತು, ಕೊಡದಿಂದ ನೀರು ಹೊಯ್ದು ನೋಡಿದೆ, ಹೊಲಿಗೆಯಿಂದ ಒಳಗಿಳಿಯಿತು. ರೆಕ್ಸಿನ್ನಿನಲ್ಲಿ ಹೊಲಿಸಿದೆ, ಬಿಸಿಲಿಗೆ ಒಡೆಯಿತು. ಪ್ರತಿ ಸಲವೂ ಅವನು "ಆತು" ಅಂದ. ಒಂದು ಸಲವಾದರೂ ಕೊರಳಪಟ್ಟಿ ಹಿಡಿದು "ಎದ್ದು ನಡೀಲೇ" ಅನ್ನಬಾರದಿತ್ತೇ? ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿಲ್ಲ, ಗೊತ್ತು. ಆದರೂ ಬರುತ್ತದೆ.

ಈ ನಡುವೆ ಅಂಗಡಿ ಬದಲಾಗಿತ್ತು. ಮೊದಲೆಲ್ಲ ನಟ್ಟು ಬಿಚ್ಚುವ ಪಾನಾಗಳು ಕಾಲಿಗೆ ತೊಡರುವಂತೆ ಬಿದ್ದಿರುತ್ತಿದ್ದವು. ಈಗ ಒಂದೊಂದಕ್ಕೂ ಒಂದು ಮೊಳೆ, ಸಾಲಾಗಿ ತೂಗುಹಾಕಿದ್ದ. ಗಿರಾಕಿ ಸೈಕಲ್ ನಿಲ್ಲಿಸಿದರೆ "ಏನಾಗೈತ್ರಿ ಗಾಡಿಗೆ?" ಎಂದು ಅವರನ್ನೇ ಮೊದಲು ಮಾತಾಡಿಸುತ್ತಿದ್ದ. ತಾನು ಸೈಕಲ್ ಹತ್ತುವುದನ್ನು ಬಿಟ್ಟು, ಮೊಣಕಾಲು ನೋವು ಅನ್ನುತ್ತಿದ್ದ. ಇದನ್ನೆಲ್ಲ ದಿನವೂ ನೋಡುತ್ತಿದ್ದ ನಾನು, "ಅಂತೂ ನನ್ನ ಶಿಸ್ತು ನಿನಗೂ ಬಂತಲ್ಲೋ" ಎಂದು ಬೆನ್ನು ತಟ್ಟಿದೆ. ಅವನು ನಕ್ಕು, ಕೈಲಿದ್ದ ಪಾನಾವನ್ನು ಅದರ ಮೊಳೆಗೆ ತೂಗುಹಾಕಿದ.

ಕೊನೆಗೊಂದು ದಿನ ಬ್ಯಾಗನ್ನು ಗೆದ್ದೆ. ರೊಟ್ಟಿಯ ಅಗಲ ಹಾಗೇ ಇಟ್ಟು, ಹಿಮ್ಮಡಿ ಬರುವ ಮೂಲೆಯನ್ನು ಮಾತ್ರ ಓರೆಯಾಗಿ ಕತ್ತರಿಸಿದ್ದರು ಹರಪನಹಳ್ಳಿಯ ಹಿರಿಯರು. ಬಟ್ಟೆಯನ್ನು ನಾನೇ ಆರಿಸಿದ್ದೆ, ಚೆಂಡುಹೂವಿನಂಥ ಹಳದಿ. ಬದಿಯ ನೋಟ ಮೊದಲು ಹೋಗಿ ಎದುರಿನದು ಕೊನೆಯವರೆಗೆ ಉಳಿಯುತ್ತದೆ ಎಂದು ಡಾಕ್ಟರು ಅವನಿಗೆ ಹೇಳಿದ್ದರಂತೆ. ನಾನು ಮುಂದೆ ಹೋಗುತ್ತೇನೆ, ಅವನು ಈ ಹಳದಿಯನ್ನು ನೋಡಿಕೊಂಡು ಹಿಂದೆ ಬರುತ್ತಾನೆ ಎಂಬುದು ನನ್ನ ಲೆಕ್ಕಾಚಾರ.

ಮಟಮಟ ಮಧ್ಯಾಹ್ನ, ಬಿಸಿಲಿನಲ್ಲಿ ಅವನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, "ನಾಳಿನ ಹೊರಡೋಣಲೇ, ಇನ್ನ ತಡ ಇಲ್ಲ" ಎಂದು ಕೂಗಿದೆ.

ಅವನು ಎದ್ದು ಬಂದು ಕ್ಯಾರಿಯರಿನ ಮೇಲೆ ಕೈಯಿಟ್ಟ. ಬೆರಳುಗಳು ಕೊಕ್ಕೆಯಿಂದ ಹೊಲಿಗೆಗೆ, ಹೊಲಿಗೆಯಿಂದ ಓರೆ ಮೂಲೆಗೆ ನಿಧಾನವಾಗಿ ಇಳಿದವು. "ಹಿಮ್ಮಡಿಗಿ ಜಾಗ ಬಿಡಿಸೀದಿ, ಶಾಬಾಸ್!" ಅಂದ. ನಾನು ಹಿಗ್ಗಿ ಹೀರೇಕಾಯಿಯಾದೆ.

"ಭಾಳ ಚಲೋ ಆಗ್ಯಾವಲೇ. ಬಣ್ಣ ಯಾವುದು?"

ಬಿಸಿಲಿಗೆ ಹೊಳೆಯುತ್ತಿದ್ದ ಬ್ಯಾಗನ್ನು ನೋಡಿದೆ, ಅವನ ಕಣ್ಣುಗಳನ್ನು ನೋಡಿದೆ. "ಹಳದಿ" ಅಂದೆ. "ಯಾವಾಗಿಂದಲೇ?" ಅಂತ ಕೇಳಿದೆ.

"ದೀಪಾವಳಿ ಆದ ಮ್ಯಾಲೆ." ನಾಲ್ಕು ತಿಂಗಳು ಕಳೆದಿದ್ದವು.

"ದಿನಾ ಬರ್ತಿದ್ನಲ್ಲ! ಒಂದ್ಮಾತು ಹೇಳಬಾರದೇನಲೇ?"

"ಹೇಳಿದ್ರ ನೀ ಹೊಲಿಸೋದು ಬಿಡ್ತಿದ್ದಿ." ಕೈ ಇನ್ನೂ ಬ್ಯಾಗಿನ ಮೇಲೇ ಇತ್ತು. "ದಿನಾ ಬಂದು ಕುಂತು, ಹಡಗಲ್ಯಾಗ ಇಂಥಲ್ಲಿ ಇಳಿಯೋಣ, ಹರಪನಹಳ್ಳಿ ದಾಟಿದ ಮ್ಯಾಲೆ ಬುತ್ತಿ ಬಿಚ್ಚೋಣ ಅಂತಿದ್ದಿಯಲ್ಲ. ಅದನ್ನ ಕೇಳ್ಕೋತ ಕುಂತ್ರ ನನಗ ಹೋಗಿ ಬಂದಂಗ ಆಗ್ತಿತ್ತಲೇ."

ನಾನು ಅವನು ಬೈಯಲಿ ಎಂದು ಕಾಯುತ್ತಾ ನಿಂತೆ. ಅವನು ಬೈಯಲಿಲ್ಲ. ಎದುರಿನ ಹೋಟೆಲ್ಲಿನ ಕಡೆ ಮುಖ ಮಾಡಿ ನನಗೊಂದು ಚಹಾ ಹೇಳಿದ.